ಕಂಟೇನರ್ ಏಳದಿದ್ದರೆ ಹೋಸ್ಟಿನ ಮೌಂಟ್ ನೋಡಿ

ಡಾಕರ್ ಕಂಟೇನರ್ ಏಳದೆ, ದೋಷದ ಸಾಲಿನಲ್ಲಿ ‘ನಾಟ್ ಎ ಶೇರ್ಡ್ ಮೌಂಟ್’ ಎಂದಿದ್ದರೆ ಇಮೇಜನ್ನು (ಕಂಟೇನರ್ ಹುಟ್ಟುವ ಮೂಲ ಕಟ್ಟನ್ನು) ಮತ್ತೆ ಮತ್ತೆ ಪುಲ್ ಮಾಡುತ್ತ ಕೂರಬೇಡಿ. ತೊಂದರೆ ಇರುವುದು ಹೋಸ್ಟಿನಲ್ಲಿ, ಅಂದರೆ ಕಂಟೇನರ್ ಓಡುವ ಯಂತ್ರದಲ್ಲಿ. ಮೌಂಟ್ ಎಂದರೆ ಫೈಲ್‌ಸಿಸ್ಟಮನ್ನು ಒಂದು ಫೋಲ್ಡರಿಗೆ ಜೋಡಿಸುವುದು. ಅದು ಶೇರ್ಡ್ ಇದ್ದರೆ ಅದರೊಳಗೆ ಒಂದು ಕಡೆ ಮಾಡಿದ ಹೊಸ ಮೌಂಟ್ ಇನ್ನೊಂದು ಕಡೆಗೂ ಕಾಣುತ್ತದೆ, ಪ್ರೈವೇಟ್ ಇದ್ದರೆ ಕಾಣುವುದಿಲ್ಲ. ಡಾಕರ್ ವಾಲ್ಯೂಮಿಗೆ ‘ಆರ್‌ಶೇರ್ಡ್’ ಕೊಟ್ಟಾಗ, ಕುಬರ್ನೆಟಿಸ್‌ನಲ್ಲಿ (ಅನೇಕ ಯಂತ್ರಗಳ ಕಂಟೇನರ್‌ಗಳನ್ನು ನಿಭಾಯಿಸುವ ವ್ಯವಸ್ಥೆ) ಮೌಂಟ್ ಪ್ರೊಪಗೇಶನ್ ‘ಬೈಡೈರೆಕ್ಷನಲ್’ ಇದ್ದಾಗ ಹೋಸ್ಟಿನ ಆ ಮೌಂಟ್ ಶೇರ್ಡ್ ಆಗಿರಲೇಬೇಕು. ಕುಬರ್ನೆಟಿಸ್‌ಗೆ ಸ್ಟೋರೇಜ್ ಜೋಡಿಸಿಕೊಡುವ ಸಿಎಸ್‌ಐ ಡ್ರೈವರ್ ಪಾಡ್‌ಗಳು (ಕಂಟೇನರ್ ಗುಂಪುಗಳು) ಸಿಕ್ಕಿಬೀಳುವುದು ಇಲ್ಲಿಯೇ.

ಕರ್ನಲ್ ತಾನಾಗಿ ಮೌಂಟುಗಳನ್ನು ಪ್ರೈವೇಟ್ ಇಡುತ್ತದೆ. ಬೂಟ್ ಆಗುವಾಗ ರೂಟನ್ನು, ಅಂದರೆ ‘/’ ಮೌಂಟನ್ನು, ಶೇರ್ಡ್ ಮಾಡುವುದು ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ಎಬ್ಬಿಸುವ ಪ್ರೋಗ್ರಾಂ). ಹಾಗಾಗಿ ಉಬುಂಟುವಿನಲ್ಲಿ ಸರಿಯಾಗಿ ಏಳುವ ಕಂಟೇನರ್, ಅದರ ಬದಲು ಓಪನ್‌ಆರ್‌ಸಿ ಇರುವ ಆಲ್ಪೈನ್ ಲಿನಕ್ಸ್‌ನಲ್ಲಿ ಏಳದೆ ಇರಬಹುದು.

‘ಫೈಂಡ್‌ಮೌಂಟ್ -ಒ ಟಾರ್ಗೆಟ್,ಪ್ರೊಪಗೇಶನ್ /’ ಕೊಟ್ಟು ನೋಡಿ. ಪ್ರೈವೇಟ್ ಎಂದು ಬಂದರೆ ರೂಟ್ ಬಳಕೆದಾರರಾಗಿ ‘ಮೌಂಟ್ --ಮೇಕ್-ಆರ್‌ಶೇರ್ಡ್ /’ ಕೊಡಿ. ಇದು ರೀಬೂಟಿನವರೆಗೆ ಮಾತ್ರ. ಆಟಿ ತಿಂಗಳ ಗಾಳಿಮಳೆಗೆ ಕರೆಂಟ್ ಹೋಗಿ ಯುಪಿಎಸ್ ಖಾಲಿಯಾಗುವುದು ಮಂಗಳೂರು, ಉಡುಪಿ ಕಡೆ ಹೊಸತಲ್ಲ; ಸರ್ವರ್ ಮತ್ತೆ ಎದ್ದಾಗ ಅದೇ ದೋಷ ಬರುತ್ತದೆ. ಓಪನ್‌ಆರ್‌ಸಿಯ ‘ಲೋಕಲ್.ಡಿ’ಯಲ್ಲಿ ಬರೆದಿಟ್ಟರೂ ಸಾಲದು, ಅದು ಉಳಿದ ಸರ್ವಿಸ್‌ಗಳೆಲ್ಲ ಎದ್ದ ಮೇಲೆ ಓಡುತ್ತದೆ. ಚಿಕ್ಕದೊಂದು ಇನಿಟ್ ಸ್ಕ್ರಿಪ್ಟ್ ಮಾಡಿ, ಅದರ ‘ಡಿಪೆಂಡ್’ನಲ್ಲಿ ‘ಬಿಫೋರ್ ಡಾಕರ್’ ಎಂದು ಹಾಕಿ, ‘ಆರ್‌ಸಿ-ಅಪ್‌ಡೇಟ್ ಆಡ್’ ಮಾಡಿ.

ಬಹಳ ಜನ ದಾರಿ ತಪ್ಪುವುದು ಮುಂದಿನ ಹಂತದಲ್ಲಿ. ಶೆಲ್‌ನಲ್ಲಿ ಶೇರ್ಡ್ ಎಂದೇ ತೋರಿಸುತ್ತದೆ, ಕಂಟೇನರ್ ಮಾತ್ರ ಏಳುವುದಿಲ್ಲ. ಡಾಕರ್‌ಡಿ (ಹಿನ್ನೆಲೆಯಲ್ಲಿ ಓಡುವ ಡಾಕರ್ ಸರ್ವಿಸ್) ಬೇರೆಯೇ ಮೌಂಟ್ ನೇಮ್‌ಸ್ಪೇಸಿನಲ್ಲಿ ಇರಬಹುದು, ಅಂದರೆ ಅದಕ್ಕೆ ಕಾಣುವ ಮೌಂಟುಗಳ ಪಟ್ಟಿಯೇ ಬೇರೆ ಇರಬಹುದು. ಮೇಲಿನ ಫೈಂಡ್‌ಮೌಂಟ್ ಆದೇಶಕ್ಕೇ ‘-ಎನ್’ ಜೊತೆ ಡಾಕರ್‌ಡಿಯ ಪಿಐಡಿ (ಪ್ರೊಸೆಸ್ ಸಂಖ್ಯೆ) ಸೇರಿಸಿ, ಅದಕ್ಕೆ ಏನು ಕಾಣುತ್ತದೋ ಅದನ್ನೇ ನೋಡಿ. ‘ಪ್ರೈವೇಟ್,ಸ್ಲೇವ್’ ಎಂದಿದ್ದರೆ (ಸ್ಲೇವ್ ಎಂದರೆ ಹೋಸ್ಟಿನ ಮೌಂಟ್ ಇತ್ತ ಬರುತ್ತದೆ, ಇತ್ತಣದ್ದು ಅತ್ತ ಹೋಗುವುದಿಲ್ಲ) ‘ಸಿಸ್ಟಮ್‌ಸಿಟಿಎಲ್ ಕ್ಯಾಟ್ ಡಾಕರ್’ನಲ್ಲಿ ‘ಮೌಂಟ್‌ಫ್ಲ್ಯಾಗ್ಸ್=ಸ್ಲೇವ್’ ಸಾಲು ಹುಡುಕಿ ತೆಗೆಯಿರಿ. ‘ಶೇರ್ಡ್,ಸ್ಲೇವ್’ ಎಂದಿದ್ದರೆ ಇನ್ನೂ ಕಷ್ಟ: ಕಂಟೇನರ್ ಏಳುತ್ತದೆ, ಆದರೆ ಅದು ಮಾಡಿದ ಮೌಂಟ್ ಹೋಸ್ಟಿಗೆ ಬರುವುದೇ ಇಲ್ಲ. ಭದ್ರತೆಗೆಂದು ಯಾರೋ ಸೇರಿಸಿದ ‘ಪ್ರೈವೇಟ್‌ಟೆಂಪ್’, ‘ಪ್ರೊಟೆಕ್ಟ್‌ಸಿಸ್ಟಮ್’ ಸಾಲುಗಳೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಡಾಕರ್ ಯೂನಿಟ್ಟಿಗೆ (ಸಿಸ್ಟಮ್‌ಡಿಯಲ್ಲಿನ ಡಾಕರ್ ಸರ್ವಿಸ್ ಫೈಲಿಗೆ) ಇವು ಬೇಡವೇ ಬೇಡ. ತೆಗೆದ ಮೇಲೆ ‘ಡೀಮನ್-ರೀಲೋಡ್’, ನಂತರ ಡಾಕರ್ ರೀಸ್ಟಾರ್ಟ್.

ಎಕ್ಸಿಟ್ ಕೋಡ್ 126, ‘ಪರ್ಮಿಷನ್ ಡಿನೈಡ್’ ಬಂದರೆ ದಾರಿ ಬೇರೆ. ‘ನೋಎಕ್ಸೆಕ್’ ಇರುವ, ಅಂದರೆ ಪ್ರೋಗ್ರಾಂ ಓಡಿಸಲು ಬಿಡದ, ಪಾರ್ಟಿಶನ್ನಿನಿಂದ ಬೈಂಡ್ ಮೌಂಟ್ ಮಾಡಿದರೆ (ಹೋಸ್ಟಿನ ಫೋಲ್ಡರನ್ನೇ ಕಂಟೇನರಿಗೆ ಜೋಡಿಸಿದರೆ) ಆ ಗುಣ ಕಂಟೇನರ್ ಒಳಗೂ ಬರುತ್ತದೆ, ಆಗ ‘ಸಿಎಚ್‌ಮಾಡ್’ ಮಾಡಿ ಪ್ರಯೋಜನವಿಲ್ಲ. ಕಂಟೇನರ್ ಎದ್ದಾಗ ಮೊದಲು ಓಡುವ ಎಂಟ್ರಿಪಾಯಿಂಟ್ ಸ್ಕ್ರಿಪ್ಟನ್ನು ಇಮೇಜಿನೊಳಗೇ ಕಾಪಿ ಮಾಡಿ, ಇಲ್ಲವೇ ‘ಎಸ್ಎಚ್’ಗೆ ಕೊಟ್ಟು ಓಡಿಸಿ.