ಖಾಲಿ ವೇ ಬ್ರಿಡ್ಜ್ ಮೇಲೆ 256 ಕಿಲೋ

ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಬರೆಯುತ್ತೇನೆ. ವೇ ಬ್ರಿಡ್ಜ್ ಪಕ್ಕದ ರೂಮಿನಲ್ಲಿ ಇಡುವ ಕಂಪ್ಯೂಟರ್ ನಾವು ಮಾಡುವುದು. ಲಾರಿ, ಕಬ್ಬಿನ ಟ್ರ್ಯಾಕ್ಟರ್ ಬಂದು ನಿಂತರೆ ತೂಕ ಓದಿ ಚೀಟಿ ಕೊಡುತ್ತದೆ, ಅಷ್ಟೇ. ಆದರೆ ಧೂಳು, ಬಿಸಿಲು ತಡೆದು ಹತ್ತು ವರ್ಷ ಬಾಳಬೇಕು.

2021ರಲ್ಲಿ ಪ್ರೊಸೆಸರ್ ಸಪ್ಲೈಯರ್‌ನಿಂದ ಮೇಲ್ ಬಂತು. ಈ ಮಾಡೆಲ್ ನಿಲ್ಲಿಸುತ್ತಿದ್ದೇವೆ, ಕೊನೆಯ ಆರ್ಡರ್ ಬೇಗ ಕೊಡಿ, ಮಾಲು ಬರಲು 52 ವಾರ. ನನಗೆ ಸಿಟ್ಟು ಬಂತು. ನಮ್ಮ ಪರ್ಚೇಸ್ ಸರ್ ಮಾತ್ರ ಆರಾಮಾಗಿ ಕಾಫಿ ಕುಡಿಯುತ್ತಿದ್ದರು. "ನಾವು ವರ್ಷಕ್ಕೆ ತಗೊಳ್ಳೋದು ಆರುನೂರು ಪೀಸು ಕಣಪ್ಪ. ಆಪಲ್‌ನೇ ಕಾಯಿಸಿದ್ರು, ನಾವು ಯಾವ ಲೆಕ್ಕ?"

ಆಮೇಲೆ ಅವರು ಹೇಳಿದ ಕಥೆ ಇದು. 2003ರಲ್ಲಿ ಐಬಿಎಂ ಮಾಡಿಕೊಟ್ಟ ಜಿ5 ಪ್ರೊಸೆಸರ್ ಹಾಕಿದ ಮ್ಯಾಕ್ ತೋರಿಸಿ, 12 ತಿಂಗಳಲ್ಲಿ 3 ಗಿಗಾಹರ್ಟ್ಜ್ ವೇಗ ಕೊಡುತ್ತೇವೆ ಎಂದು ಸ್ಟೀವ್ ಜಾಬ್ಸ್ ವೇದಿಕೆ ಮೇಲೆ ಮಾತು ಕೊಟ್ಟರು. ಎರಡು ವರ್ಷವಾದರೂ 2.7 ದಾಟಲಿಲ್ಲ. ಚಿಪ್ ಎಷ್ಟು ಬಿಸಿಯಾಗುತ್ತಿತ್ತೆಂದರೆ ಕೆಲವು ಮಾಡೆಲ್‌ಗಳಿಗೆ ಕಾರಿನ ಎಂಜಿನ್ನಿನ ಹಾಗೆ ಒಳಗೆ ದ್ರವ ಹರಿಸಿ ತಣ್ಣಗಿಡಬೇಕಾಯಿತು. ಲ್ಯಾಪ್‌ಟಾಪ್‌ನಲ್ಲಂತೂ ಜಿ5 ಕೂರಲೇ ಇಲ್ಲ. ಅದೇ ಹೊತ್ತಿಗೆ ಐಬಿಎಂ ಕೈಯಲ್ಲಿ ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3ರಂಥ ಗೇಮ್ ಯಂತ್ರಗಳ ಚಿಪ್ ಕೆಲಸವಿತ್ತು. ಲಕ್ಷ ಲಕ್ಷ ಪೀಸು ಹೋಗುವ ಮಾಲು ಅದು. ಮ್ಯಾಕ್ ಆಗ ಸಣ್ಣ ಗಿರಾಕಿ.

2005ರ ಜೂನ್‌ನಲ್ಲಿ ಜಾಬ್ಸ್ ಇಂಟೆಲ್ ಕಡೆ ಹೊರಟರು. ಬರೀ ವೇಗದ ಮಾತಲ್ಲ, ಒಂದು ವ್ಯಾಟ್ ಕರೆಂಟಿಗೆ ಎಷ್ಟು ಕೆಲಸ ಆಗುತ್ತದೆ ಎಂಬುದೇ ಅವರ ಲೆಕ್ಕ. ಅದಕ್ಕಿಂತ ನನಗೆ ಹಿಡಿಸಿದ್ದು ಬೇರೆ. ಐದು ವರ್ಷದಿಂದ ಅವರು ಮ್ಯಾಕ್ ನಡೆಸುವ ಸಾಫ್ಟ್‌ವೇರ್ ಮ್ಯಾಕ್ ಓಎಸ್ ಎಕ್ಸ್ ಅನ್ನು ಗುಟ್ಟಾಗಿ ಇಂಟೆಲ್ ಮೇಲೂ ಓಡಿಸಿ ನೋಡುತ್ತಿದ್ದರಂತೆ! ಹಾಗಾಗಿ 2006ರ ಆಗಸ್ಟ್‌ಗೆಲ್ಲ ಎಲ್ಲಾ ಮ್ಯಾಕ್ ಬದಲಾಗಿತ್ತು. ಇಂಟೆಲ್‌ನ 10 ನ್ಯಾನೋಮೀಟರ್ ಚಿಪ್ ವರ್ಷಗಟ್ಟಲೆ ತಡವಾದಾಗಲೂ ಆಪಲ್ ಸುಮ್ನೆ ಕೂರಲಿಲ್ಲ. 2020ರಲ್ಲಿ ತನ್ನದೇ ಎಂ1 ಚಿಪ್ ತಂದಿತು. ಅದನ್ನು ತಯಾರಿಸುವುದು ತೈವಾನಿನ ಟಿಎಸ್‌ಎಂಸಿ. ಆಪಲ್ ಆಗ ಅಲ್ಲಿ ಸಣ್ಣ ಗಿರಾಕಿಯಲ್ಲ, ಎಲ್ಲರಿಗಿಂತ ದೊಡ್ಡದಾಗಿತ್ತು.

ನಾವೂ ಇಂಟೆಲ್ ಥರದ ಚಿಪ್ ಬಿಟ್ಟು, ಮೊಬೈಲ್‌ಗಳಲ್ಲಿರುವ ಆರ್ಮ್ ಎಂಬ ಥರದ ಚಿಪ್‌ಗೆ ಹೋದೆವು. ರೇಟು ಕಮ್ಮಿ, ಫ್ಯಾನ್ ಬೇಡ, ಹತ್ತು ವರ್ಷ ಕೊಡುತ್ತೇವೆ ಎಂದು ಸಪ್ಲೈಯರ್ ಕಾಗದದಲ್ಲೇ ಬರೆದುಕೊಟ್ಟರು. ಸಿ ಭಾಷೆಯ ಕೋಡ್ ತಾನೇ, ಮತ್ತೆ ಕಂಪೈಲ್ ಮಾಡಿದರಾಯಿತು, ಅಂದರೆ ಹೊಸ ಚಿಪ್‌ಗೆ ಅರ್ಥವಾಗುವ ರೂಪಕ್ಕೆ ತಿರುಗಿಸಿದರಾಯಿತು ಅಂದುಕೊಂಡೆ. ಆಯಿತು ಕೂಡ, ಒಂದು ವಾರ್ನಿಂಗ್ ಇಲ್ಲದೆ.

ಮಂಡ್ಯದ ಹತ್ತಿರದ ಒಂದು ವೇ ಬ್ರಿಡ್ಜ್‌ನಲ್ಲಿ ಮೊದಲ ಯಂತ್ರ ಇಟ್ಟೆವು. ಖಾಲಿ ಕಟ್ಟೆ. ಪರದೆ ಮೇಲೆ 256 ಕಿಲೋ! ಸಾಫ್ಟ್‌ವೇರಿನವನಿಗೆ ಆ ಅಂಕಿ ನೋಡಿದ ಕೂಡಲೇ ಹೊಳೆಯಬೇಕಿತ್ತು. ನಾನು ಮಾತ್ರ ಎರಡು ದಿನ ಕಟ್ಟೆ ಕೆಳಗೆ ತೂಕ ಅಳೆಯುವ ಲೋಡ್ ಸೆಲ್ ಬಿಚ್ಚಿಸಿ ಕೆಸರು ಒರೆಸಿಸಿದೆ. ಆಪರೇಟರ್ ಅಣ್ಣ ಪಾಪ, ಏನೂ ಅನ್ನಲಿಲ್ಲ.

ಆಗಿದ್ದಿಷ್ಟು. ಕಟ್ಟೆ ಖಾಲಿ ಇದ್ದಾಗ ತೋರುವ 5 ಕಿಲೋ ಕಳೆಯಲು, ಮೈನಸ್ 5 ಅನ್ನು ನಾನು ಕ್ಯಾರ್ ಎಂಬ ಒಂದು ಬೈಟಿನ ವೇರಿಯಬಲ್‌ನಲ್ಲಿ ಇಟ್ಟಿದ್ದೆ. ಹಳೆ ಚಿಪ್‌ನ ಲಿನಕ್ಸ್‌ನಲ್ಲಿ ಅದಕ್ಕೆ ಮೈನಸ್ ಗೊತ್ತು. ಆರ್ಮ್ ಲಿನಕ್ಸ್‌ನಲ್ಲಿ ನಾವಾಗಿ ಹೇಳದಿದ್ದರೆ ಗೊತ್ತಿಲ್ಲ. ಒಂದು ಬೈಟಿಗೆ ಹಿಡಿಯುವುದು 256 ಅಂಕಿ ಮಾತ್ರ, ಹಾಗಾಗಿ ಅಲ್ಲಿ ಮೈನಸ್ 5 ಅಂದರೆ 256ರಲ್ಲಿ 5 ಕಳೆದ 251. ಐದು ಕಳೆಯುವ ಬದಲು 251 ಕೂಡಿಸಿತ್ತು. ಕೋಡ್‌ನಲ್ಲಿ ಒಂದು ಪದ ಸೇರಿಸಿದೆ, ಸರಿಹೋಯಿತು. ಅದೃಷ್ಟಕ್ಕೆ ಒಂದು ಚೀಟಿಯೂ ಹೊರಗೆ ಹೋಗಿರಲಿಲ್ಲ.

ಅಂದಿನಿಂದ ನಮ್ಮ ಕೋಡ್ ದಿನಾ ರಾತ್ರಿ ಎರಡೂ ಥರದ ಚಿಪ್‌ಗೆ ಕಂಪೈಲ್ ಆಗಿ ಟೆಸ್ಟ್ ಆಗುತ್ತದೆ. ಮೊನ್ನೆ ಹೊಸ ಸಪ್ಲೈಯರ್ ಕಡೆಯವರು ಬಂದಿದ್ದರು. ಬಿಲ್ಡ್ ಪರದೆ ನೋಡಿ, "ನಮ್ಮ ಚಿಪ್‌ಗೆ ಬಂದಮೇಲೂ ಹಳೇದಕ್ಕೆ ಯಾಕೆ ಸರ್ ಮಾಡ್ತೀರಾ?" ಎಂದು ಕೇಳಿದರು. ಪರ್ಚೇಸ್ ಸರ್ ನಕ್ಕು, ಎಲ್ಲರಿಗೂ ಕಾಫಿ ಹೇಳಿದರು.