ಗುಲಾಬಿಯ ಚರಟ

ಹಾಸನದ ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಬೆಳಿಗ್ಗೆ ಬಿಡಿ ಗುಲಾಬಿ ತಂದೆ. ಬಲ್ಗೇರಿಯಾದ ಕಜನ್ಲಕ್ ಕಣಿವೆ ನೆನಪಾಯಿತು. ಅಲ್ಲಿ 1 ಕೆಜಿ ಗುಲಾಬಿ ಎಣ್ಣೆಗೆ 3,000 ಕೆಜಿಗೂ ಜಾಸ್ತಿ ಹೂವು ಬೇಕು. ಹೂವನ್ನು ನೀರಲ್ಲಿ ಕುದಿಸಿ, ಹಬೆಯಿಂದ ಎಣ್ಣೆ ಇಳಿಸಿದ ಮೇಲೆ ಉಳಿಯುವುದು ಬೆಂದ ಎಸಳಿನ ರಾಶಿ, ನಮ್ಮ ಫಿಲ್ಟರಿನ ಕಾಫಿ ಚರಟದ ಹಾಗೆ. ಆದರೆ ಹಬೆ ಹೊತ್ತೊಯ್ಯುವುದು ಪರಿಮಳವನ್ನು ಮಾತ್ರ. ಕ್ವೆರ್ಸೆಟಿನ್, ಕೆಂಫೆರಾಲ್ ಥರದ ಪಾಲಿಫೀನಾಲ್‌ಗಳು (ಗಿಡಗಳಲ್ಲಿ ಸಹಜವಾಗಿ ಇರುವ ರಾಸಾಯನಿಕಗಳು) ಬಹುಪಾಲು ಆ ಚರಟದಲ್ಲೇ ಇರುತ್ತವೆ. ಉರಿಯೂತ ತಗ್ಗಿಸುವ ಗುಣ ಲ್ಯಾಬಿನಲ್ಲಿ ಕಂಡಿದೆ. ಔಷಧಿ ಅನ್ನಲು ಮನುಷ್ಯರ ಮೇಲೆ ಇನ್ನೂ ಪರೀಕ್ಷೆ ಆಗಬೇಕು. ಆದರೂ ಅಷ್ಟು ಒಳ್ಳೆಯದನ್ನು ಸುಮ್ನೆ ತಿಪ್ಪೆಗೆ ಸುರಿಯೋದು ಸಂಕಟ ಅಲ್ವಾ?

ಹಾಂ, ಮಾರ್ಕೆಟ್ ಹೂವಿನ ಕಷಾಯ ಮಾತ್ರ ಮಾಡಬೇಡಿ. ಕೀಟನಾಶಕ ಹೊಡೆದಿರುತ್ತಾರೆ. ಪೂಜೆ ಮುಗಿದ ಎಸಳನ್ನು ಅಮ್ಮ ದಾಸವಾಳದ ಬುಡಕ್ಕೆ ಹಾಕಿದರು.