ಮಾವನ ರೋಡ್‌ಕಿಂಗಿಗೆ ಡಿಸ್ಕ್ ಬ್ರೇಕ್

ಸಂಪಾಜೆ ಘಾಟಿ ಇಳಿಯುವಾಗ ಮುಂದಿನ ಬ್ರೇಕಿನ ಲಿವರ್ ಸೀದಾ ಹ್ಯಾಂಡಲ್ಲಿಗೆ ಬಂದು ತಾಗಿತು. ಹೋದ ವರ್ಷ ಸೆಪ್ಟೆಂಬರಿನಲ್ಲಿ ಮಡಿಕೇರಿಯಿಂದ ಸುಳ್ಯಕ್ಕೆ ಬೈಕಿನಲ್ಲಿ ಹೊರಟಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಮೊದಲ ನಾಲ್ಕೈದು ತಿರುವುಗಳಲ್ಲಿ ಡ್ರಮ್ (ಚಕ್ರದ ನಡುವಿನ ಡಬ್ಬಿಯನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಹಳೆಯ ಬಗೆಯ ಬ್ರೇಕ್) ಸರಿಯಾಗಿಯೇ ಹಿಡಿಯಿತು. ಆಮೇಲೆ ಬಿಸಿಯಾದಂತೆಲ್ಲ ಡ್ರಮ್ಮು ಹಿಗ್ಗಿ ಲಿವರ್ ಒಳಕ್ಕೆ ಹೋಗತೊಡಗಿತು, ಒಳಗೆ ಉಜ್ಜುವ ಪಟ್ಟಿ, ಅಂದರೆ ಲೈನರ್, ಹಿಡಿತ ಕಳೆದುಕೊಂಡಿತು. ಎದುರಿಗೆ ಲಾರಿ ಬಂತು. ಹಿಂದಿನ ಬ್ರೇಕ್ ತುಳಿದು, ಗೇರ್ ಇಳಿಸಿ, ಗುಡ್ಡದ ಬದಿಯ ಚರಂಡಿಯ ಅಂಚಿಗೆ ಹೇಗೋ ನಿಲ್ಲಿಸಿದೆ. ಚಕ್ರದ ನಡುವಿನ ಹಬ್ ಮುಟ್ಟಿ ನೋಡಿದರೆ ಬೆರಳು ಸುಟ್ಟಿತು.

ಗಾಡಿ ಯೆಜ್ಡಿ ರೋಡ್‌ಕಿಂಗ್, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಆ ಕಾರ್ಖಾನೆಯಲ್ಲೇ ನನ್ನ ಸೋದರಮಾವ ಅಸೆಂಬ್ಲಿಯಲ್ಲಿದ್ದರು. ಗಾಡಿ ನನಗೆ ಬಂದದ್ದು ಅವರ ಮಂಡಿನೋವು ಹೆಚ್ಚಾಗಿ ಕಿಕ್ ಹೊಡೆಯಲು ಆಗದಿದ್ದಾಗ.

ಘಾಟಿಯಲ್ಲಿ ಎಂಜಿನ್ನಿನಿಂದಲೇ ವೇಗ ತಡೆಯಬಹುದಲ್ಲ ಎಂದು ಹೊಸ ಗಾಡಿ ಓಡಿಸುವವರು ಕೇಳುತ್ತಾರೆ. ಟೂ ಸ್ಟ್ರೋಕಿನಲ್ಲಿ ಆ ತಡೆ ಕಡಿಮೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಇದಕ್ಕೆ ಆಯಿಲ್ ಸೇರುವುದು ಪೆಟ್ರೋಲಿನ ಜೊತೆಗೇ. ನಾನು ಲೀಟರಿಗೆ 40 ಎಂಎಲ್ ಬೆರೆಸುತ್ತೇನೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಎಂಜಿನ್ ಸುತ್ತುತ್ತಲೇ ಇದ್ದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಅದರ ಜೊತೆ ಪಿಸ್ಟನ್ನಿಗೆ ಆಯಿಲ್ಲೂ ಕಡಿಮೆ. ಹಾಗೇ ಬಹಳ ದೂರ ಇಳಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆದ್ದರಿಂದ ಈ ಗಾಡಿಗೆ ಘಾಟಿಯಲ್ಲಿ ಬ್ರೇಕೇ ಗತಿ. ಊರೊಳಗೆ ಓಡಿಸುವವರಿಗೆ ಒಳ್ಳೆಯ ಲೈನರ್ ಹಾಕಿದ ಡ್ರಮ್ ಸಾಕು. ನನಗೆ ತಿಂಗಳಿಗೊಮ್ಮೆ ಕೊಡಗು ದಾಟಬೇಕು. ಅದಕ್ಕೇ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಲು ಹೊರಟೆ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವಳು. ಮೊದಲು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಗಾಡಿ ಸುಮಾರು 140 ಕೆಜಿ, ನಾನು ಮತ್ತು ಚೀಲ ಸೇರಿ 70. ಜೋರಾಗಿ ಬ್ರೇಕ್ ಹಿಡಿದಾಗ ಮುಂದಿನ ಚಕ್ರದ ಪಾಲಿಗೆ ಮುಕ್ಕಾಲಿನ ಹತ್ತಿರ ಕೆಲಸ ಬೀಳುತ್ತದೆ. ಆಗ ಚಕ್ರದ ಜೊತೆ ತಿರುಗುವ 240 ಎಂಎಂ ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕ್ಯಾಲಿಪರ್ ಮೇಲೆ ಸುಮಾರು 260 ಕೆಜಿ ಎಳೆತ. ಆ 260 ಕೆಜಿ ಎಲ್ಲಿಗೆ ಹೋಗುತ್ತದೆ? ಕ್ಯಾಲಿಪರಿನಿಂದ ಅದನ್ನು ಗಾಡಿಗೆ ಕೂರಿಸುವ ಬ್ರಾಕೆಟ್ಟಿಗೆ, ಬ್ರಾಕೆಟ್ಟಿನಿಂದ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಫೋರ್ಕ್ ಕಾಲುಗಳಲ್ಲಿ ಒಂದೇ ಒಂದಕ್ಕೆ. ಈ ಕೆಲಸದಲ್ಲಿ ಕಷ್ಟವಾದ ಪ್ರಶ್ನೆ ಇದೊಂದೇ. ಮಿಕ್ಕದ್ದು ಸಾಮಾನು ಹುಡುಕುವ ಓಡಾಟ.

ಒಂದು ಗ್ಯಾರೇಜಿನಲ್ಲಿ ಫೋರ್ಕ್ ಕಾಲಿಗೇ ಕಬ್ಬಿಣದ ತುಂಡು ವೆಲ್ಡ್ ಮಾಡಿಕೊಡುತ್ತೇವೆ ಎಂದರು. ಮನಸ್ಸು ಒಪ್ಪಲಿಲ್ಲ. ಮಂಡಿ ಮೊಹಲ್ಲಾದಲ್ಲಿ ಲೇತ್ ಇಟ್ಟುಕೊಂಡಿರುವ ಹಿರಿಯರೊಬ್ಬರ ಬಳಿ ಹೋಗಿ, "ಭಾಯ್, ವೆಲ್ಡಿಂಗ್ ಹೊಡೀಬಹುದಾ?" ಎಂದು ಕೇಳಿದೆ. ಅವರು ಫೋರ್ಕನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಬೇಡ ಮೇಡಂ. ಬಿಸಿ ತಾಗಿದ ಕಾಲು ನೆಟ್ಟಗೆ ಉಳಿಯಲ್ಲ. ಒಳಗೆ ಪೈಪ್ ಹಿಡಿಯುತ್ತೆ. ಬಿಚ್ಚೋಕೆ ಬರೋ ಹಾಗೆ ಮಾಡೋಣ" ಎಂದರು. ನನ್ನ ಪಟ್ಟೂ ಅದೇ ಆಗಿತ್ತು. ಮಾವನ ಕಾರ್ಖಾನೆಯಲ್ಲಿ ಮಾಡಿದ ಯಾವ ಭಾಗವನ್ನೂ ಕೊಯ್ಯಬಾರದು, ಕೊರೆಯಬಾರದು.

ಡ್ರಮ್ಮಿನ ಬ್ರೇಕ್ ಪ್ಲೇಟು ಚಕ್ರದ ಜೊತೆ ತಿರುಗಿಬಿಡದಂತೆ ಹಿಡಿಯಲು ಫೋರ್ಕಿನಲ್ಲಿ ಮೊದಲೇ ಒಂದು ತಡೆ ಇರುತ್ತದೆ. ಬ್ರೇಕಿನ ಎಳೆತ ತಾಳುವುದಕ್ಕೆಂದೇ ಅದನ್ನು ಇಟ್ಟಿರುವುದು. ಹೊಸ ಬ್ರಾಕೆಟ್ಟೂ ಅದನ್ನೇ ಮೊದಲ ಆಸರೆ ಮಾಡಿಕೊಂಡಿತು. ಎರಡನೆಯದು ಆಕ್ಸಲ್. ಮೂರನೆಯದು ಫೋರ್ಕ್ ಕಾಲನ್ನು ಸುತ್ತುವ ಕ್ಲಾಂಪ್, ಒಳಗೆ ತೆಳು ಅಲ್ಯುಮಿನಿಯಂ ತಗಡಿನ ಪಟ್ಟಿ. ಈ ಕ್ಲಾಂಪನ್ನು ಅತಿಯಾಗಿ ಬಿಗಿಯಬಾರದು. ಬಿಗಿದರೆ ಕಾಲು ಅದುಮಿ ಸಸ್ಪೆನ್ಷನ್ ಅಲ್ಲೇ ಹಿಡಿದುಕೊಳ್ಳುತ್ತದೆ. ಆಕಾರವನ್ನು ಮೊದಲು ರಟ್ಟಿನಲ್ಲಿ, ಆಮೇಲೆ ಪ್ಲೈವುಡ್ಡಿನಲ್ಲಿ ಕತ್ತರಿಸಿ ನೋಡಿದೆವು. ಮೂರನೇ ಪ್ಲೈವುಡ್ ಸರಿಹೊಂದಿದ ಮೇಲೆ 10 ಎಂಎಂ ಕಬ್ಬಿಣದ ಪ್ಲೇಟಿಗೆ ಕೈಹಾಕಿದ್ದು. ಕ್ಯಾಲಿಪರಿಗೆ ತಲೆಯ ಮೇಲೆ 8.8 ಎಂಬ ಗಟ್ಟಿತನದ ಗುರುತು ಅಚ್ಚಿರುವ ಬೋಲ್ಟ್ ಮಾತ್ರ. ಗುರುತಿಲ್ಲದ ಬೋಲ್ಟನ್ನು ಬ್ರೇಕಿಗೆ ಯಾರೂ ದಯವಿಟ್ಟು ಹಾಕಬೇಡಿ.

2001ರಲ್ಲಿ ಬಂದ ಮೊದಲ ಪಲ್ಸರಿಗೆ ಕಡ್ಡಿಯ ಚಕ್ರವೂ 240 ಎಂಎಂ ಡಿಸ್ಕೂ ಇದ್ದವು. ಗುಜರಿಯಲ್ಲಿ ಅಂಥದೊಂದು ಹಬ್ ಸಿಕ್ಕಿತು. ಬೇರಿಂಗ್ ಬದಲಿಸಿ, ಆಕ್ಸಲ್ಲಿಗೆ ಹೊಂದುವ ಬುಷ್ ಲೇತಿನಲ್ಲಿ ಮಾಡಿಸಿ, ಹೊಸ 18 ಇಂಚಿನ ರಿಮ್ಮಿಗೆ ಕಡ್ಡಿ ಕಟ್ಟಿಸಿದೆ. ಮೊದಲ ಸಲ ರಿಮ್ಮು ನಡುವಿಗೆ ಬರದೆ 4 ಎಂಎಂ ಎಡಕ್ಕೆ ಕೂತಿತು. ಪೂರ್ತಿ ಬಿಚ್ಚಿಸಿ ಮತ್ತೆ ಕಟ್ಟಿಸಿ ಬೆಂಡ್ ತೆಗೆಸಿದೆ. ಕ್ಯಾಲಿಪರ್, ಲಿವರ್ ಒತ್ತಿದಾಗ ಅದಕ್ಕೆ ಆಯಿಲ್ ನೂಕುವ ಮಾಸ್ಟರ್ ಸಿಲಿಂಡರ್ ಎರಡನ್ನೂ ಒಂದೇ ಗಾಡಿಯ ಜೋಡಿಯಾಗಿ ಹೊಸದೇ ಕೊಂಡೆ. ದೊಡ್ಡ ಮಾಸ್ಟರ್ ಹಾಕಿದರೆ ಬ್ರೇಕ್ ಜೋರಾಗುತ್ತದೆ ಎಂಬ ನಂಬಿಕೆ ತಪ್ಪು. 12.7 ಎಂಎಂ ಬೋರಿನ ಬದಲು 15.87 ಹಾಕಿದರೆ ಅಷ್ಟೇ ಹಿಡಿತಕ್ಕೆ ಬೆರಳು ಒಂದೂವರೆ ಪಟ್ಟು ಒತ್ತಬೇಕು. ಲಿವರ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಡಾಟ್ 4 ಎಂಬ ಬ್ರೇಕ್ ಆಯಿಲ್ ತುಂಬಿ ಕೊಳವೆಯೊಳಗಿನ ಗಾಳಿ ತೆಗೆಯಲು ಒಂದು ಸಂಜೆ ಪೂರ್ತಿ ಹೋಯಿತು. ಎಷ್ಟು ಬ್ಲೀಡ್ ಮಾಡಿದರೂ ಲಿವರ್ ಮೆತ್ತಗೇ. ಕೊನೆಗೆ ಹಳೆಯ ಟ್ಯೂಬಿನ ಪಟ್ಟಿಯಿಂದ ಲಿವರನ್ನು ಹ್ಯಾಂಡಲ್ಲಿಗೆ ಬಿಗಿದು ಕಟ್ಟಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪಟ್ಟಿ ಬಿಚ್ಚಿ ಒತ್ತಿದಾಗ ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. ಆ ಸಂತೋಷ ಹೇಗೆ ಹೇಳಲಿ! ಟ್ಯಾಂಕಿಗೆ ಮಾತ್ರ ಒದ್ದೆ ಬಟ್ಟೆ ಹೊದಿಸಿಯೇ ಈ ಕೆಲಸಕ್ಕೆ ಕೂರಿ. ಆ ಆಯಿಲ್ ಒಂದು ಹನಿ ಬಿದ್ದರೂ ಪೇಂಟ್ ತಿನ್ನುತ್ತದೆ.

ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಹೋದಾಗ ಕೆಲವರಿಗೆ ಇದು ಹಿಡಿಸಲಿಲ್ಲ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ 2018ರಲ್ಲಿ ಮರಳಿ ಬಂದ ಜಾವಾಕ್ಕೇ ಮುಂದೆ 280 ಎಂಎಂ ಡಿಸ್ಕ್ ಇದೆ. ನನ್ನ ಗಾಡಿಯ ಡ್ರಮ್ ಚಕ್ರ, ಬ್ರೇಕ್ ಪ್ಲೇಟ್, ಕೇಬಲ್ ಎಲ್ಲವೂ ಗ್ರೀಸ್ ಸವರಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿವೆ. ಒಂದು ಮಧ್ಯಾಹ್ನದಲ್ಲಿ ಗಾಡಿ ಹಳೆಯ ರೂಪಕ್ಕೆ ಬರುತ್ತದೆ.

ಮಾವ ಮೊದಲು, "ಮೂವತ್ತು ವರ್ಷ ಡ್ರಮ್ಮಲ್ಲೇ ಓಡಿಸಿದೀನಲ್ಲೇ" ಎಂದಿದ್ದರು. ಬ್ರಾಕೆಟ್ ಕೂತ ದಿನ ಟಾರ್ಚ್ ಹಿಡಿದು ಬಗ್ಗಿ ನೋಡಿ, ಕ್ಲಾಂಪಿನ ಬೋಲ್ಟ್ ಹೊರಕ್ಕೆ ಚಾಚಿಕೊಂಡಿದೆ, ಪ್ಯಾಂಟಿಗೆ ಸಿಕ್ಕುತ್ತದೆ, ಚಿಕ್ಕದು ಹಾಕು ಎಂದರು. ಹಾಕಿದೆ.

ಅದಾದ ಮೇಲೆ ಎರಡು ಸಲ ಸಂಪಾಜೆ ಇಳಿದಿದ್ದೇನೆ, ಒಂದು ಸಲ ಸುರಿಯುವ ಮಳೆಯಲ್ಲಿ. ಎರಡು ಬೆರಳಿನ ಒತ್ತಿಗೆ ಗಾಡಿ ನಿಲ್ಲುತ್ತದೆ. ಹೊಸ ತೊಂದರೆಯೆಂದರೆ ಮುಂಭಾಗ ಜೋರಾಗಿ ಬಗ್ಗುತ್ತದೆ. ಹಳೆಯ ಫೋರ್ಕಿಗೆ ಈ ಹಿಡಿತ ಹೆಚ್ಚು. ಮುಂದಿನ ವಾರ ಫೋರ್ಕಿನೊಳಗೆ ಗಟ್ಟಿ ಆಯಿಲ್ ಹಾಕಿ ನೋಡಬೇಕು. ಬ್ರಾಕೆಟ್ಟಿಗೂ ಬೋಲ್ಟುಗಳ ತಲೆಗೂ ಸೇರಿಸಿ ಬಿಳಿ ಪೇಂಟಿನ ಗೆರೆ ಎಳೆದಿದ್ದೇನೆ, ಸಡಿಲವಾದರೆ ಗೆರೆ ತುಂಡಾಗಿ ಕಾಣಲಿ ಎಂದು. 1,400 ಕಿಲೋಮೀಟರ್ ಆಯಿತು. ಪ್ರತಿ ಭಾನುವಾರ ನೋಡುತ್ತೇನೆ, ಗೆರೆ ಎಲ್ಲೂ ತುಂಡಾಗಿಲ್ಲ.